ನಲವತ್ತರ ಗೆರೆ ದಾಟಿದರೆ ಸಾರಿಲ್ಲ

ನಮ್ಮ ಪುಂಜಾಲಕಟ್ಟೆಯ ಬೇಕರಿ ಸಾಹೇಬರಿಗೆ ಭೂಮಿಯ ಮೇಲಿನ ಅರ್ಧದ ಬಗ್ಗೆ ಎಳ್ಳಷ್ಟೂ ಗೌರವ ಇರಲಿಲ್ಲ! ಹಿಮಾಲಯ, ಲಂಡನ್, ಅಷ್ಟೇಕೆ, ನಾವು ನಿಂತಿರುವ ಈ ಪುಂಜಾಲಕಟ್ಟೆಯೂ ಮೇಲಿನ ಅರ್ಧದಲ್ಲೇ ಇರುವುದಲ್ಲವೇ ಎಂದರೆ, "ಇರಲಿ, ಪಾಪ" ಎನ್ನುವರು. ಅವರ ಲೋಕ ಶುರುವಾಗುತ್ತಿದ್ದುದೇ ಸಮಭಾಜಕ ವೃತ್ತದ ಕೆಳಗೆ.

ಹದಿನಾರು ವರ್ಷ ಸರಕಿನ ಹಡಗಿನಲ್ಲಿ ಅಡುಗೆ ಮಾಡಿ ಬಂದು ಬೇಕರಿ ಇಟ್ಟವರು ಅವರು. ಗಲ್ಫಿಗೆ ಹೋದವರು ಊರಿಗೆ ಸೆಂಟು, ಕಂಬಳಿ ತಂದರೆ ಇವರು ಅರ್ಧ ಭೂಮಿಯನ್ನೇ ಹೊತ್ತು ತಂದಿದ್ದರು. ತೊಂಬತ್ತರ ದಶಕದ ಮೊದಲಿಗೆ ನಾನು ಹತ್ತಿರದ ಹೈಸ್ಕೂಲಿಗೆ ಸಮಾಜ ಪಾಠದ ಮಾಷ್ಟ್ರಾಗಿ ಬಂದೆ. ಒಂದು ಬೆಳಿಗ್ಗೆ ಬ್ರೆಡ್ಡಿಗೆ ಹೋದವನು, ಮಾತಿಗೆ ಇರಲಿ ಎಂದು, "ಡಿಸೆಂಬರ್ ಬಂತಲ್ಲ ಸಾಹೇಬ್ರೇ, ಚಳಿ ಶುರುವಾಯ್ತು" ಎಂದೆ.

"ಯಾವ ಡಿಸೆಂಬರ್? ಮೇಲಿನದಾ, ಕೆಳಗಿನದಾ? ಕೆಳಗೆ ಈಗ ಬೇಸಿಗೆ. ಜನ ಬನಿಯನ್ನಿನಲ್ಲಿ ತಿರುಗುತ್ತಾರೆ."

"ಅದು ನನಗೂ ಗೊತ್ತುಂಟು. ಮಕ್ಕಳಿಗೆ ಪಾಠ ಮಾಡುವವನೇ ನಾನು."

"ಓ! ಹಾಗಾದರೆ ಹೇಳಿ. ಆ ಕೆಳಗಿನ ತುದಿಯಲ್ಲಿ ಮಧ್ಯಾಹ್ನ ಸೂರ್ಯ ಯಾವ ಬದಿಗೆ ಇರುತ್ತಾನೆ?"

ಪುಸ್ತಕದಲ್ಲಿ ಋತು ಇತ್ತು, ಸೂರ್ಯ ಯಾವ ಬದಿಗೆ ಎಂದು ಇರಲಿಲ್ಲ! "ನೆತ್ತಿಯ ಮೇಲೆ" ಎಂದುಬಿಟ್ಟೆ.

"ಉತ್ತರಕ್ಕೆ ಮಾರಾಯ್ರೇ! ವರ್ಷಪೂರ್ತಿ ಉತ್ತರಕ್ಕೆ!" ಎಂದು, ಫೇಲಾದ ಹುಡುಗನ ಉತ್ತರ ಪತ್ರಿಕೆಯ ಹಾಗೆ ಬ್ರೆಡ್ಡಿನ ಕಟ್ಟನ್ನು ನನ್ನ ಕಡೆಗೆ ತಳ್ಳಿದರು. ಆಮೇಲೆ ನೋಡಿದರೆ ನನಗೊಬ್ಬನಿಗೇ ಅಲ್ಲ, ಹಾಲಿನವನಿಗೂ, ಪೋಸ್ಟ್‌ಮ್ಯಾನಿಗೂ, ಐದು ನಿಮಿಷ ನಿಂತ ಬಸ್ಸಿನ ಕಂಡಕ್ಟರಿಗೂ ಅದೇ ಪರೀಕ್ಷೆ. ಪಾಸಾದವರು ಯಾರೂ ಇಲ್ಲ.

ಸೋಲು ತೀರಿಸಿಕೊಳ್ಳಲು ನಾನೊಂದು ದಿನ ಘನವಾದ ವಿಷಯ ಎತ್ತಿದೆ. ದಕ್ಷಿಣಾರ್ಧದಲ್ಲಿ ತೊಟ್ಟಿಯಿಂದ ಇಳಿಯುವ ನೀರು ನಮ್ಮದಕ್ಕೆ ತದ್ವಿರುದ್ಧವಾಗಿ ಸುಳಿ ಸುತ್ತುತ್ತದಂತೆ!

"ಯಾರು ಹೇಳಿದ್ದು?"

"ಎಲ್ಲರೂ ಹೇಳುತ್ತಾರೆ."

"ಎಲ್ಲರೂ ಪಾತ್ರೆ ತೊಳೆದಿದ್ದಾರಾ? ನಾನು ತೊಳೆದಿದ್ದೇನೆ. ತೊಟ್ಟಿಯ ನೀರಿಗೆ ಆ ದಿನ ಹೇಗೆ ಮನಸ್ಸೋ ಹಾಗೆ. ಉಲ್ಟಾ ಸುತ್ತುವುದು ಚಂಡಮಾರುತ ಮಾತ್ರ. ಅಷ್ಟು ದೊಡ್ಡದಾಗದೆ ಭೂಮಿಯ ಮಾತು ಯಾರೂ ಕೇಳುವುದಿಲ್ಲ ಮಾಷ್ಟ್ರೇ."

ನಾನು ಅಕ್ಷಾಂಶ ಎನ್ನುವುದನ್ನು ಅವರು ಅಡುಗೆಯಲ್ಲಿ ಅಳೆಯುತ್ತಿದ್ದರು. ಭೂಮಿ ಸೃಷ್ಟಿಸಿದವನು ಮಣ್ಣೆಲ್ಲ ಮೇಲಿನ ಅರ್ಧಕ್ಕೇ ಖರ್ಚು ಮಾಡಿ, ಕೆಳಗೆ ಬರುವಾಗ ಬರೀ ನೀರು ಉಳಿದಿತ್ತಂತೆ. ಗಾಳಿಯನ್ನು ತಡೆಯಲು ಒಂದು ಗುಡ್ಡವಿಲ್ಲ, ಹಡಗು ಓಲಾಡುವುದೇ ಓಲಾಡುವುದು. ಮೂವತ್ತರ ಗೆರೆಯವರೆಗೆ ಸಾರು ಮಾಡಬಹುದು, ಪಾತ್ರೆ ಅರ್ಧ ತುಂಬಿಸಿದರೆ. ನಲವತ್ತು ದಾಟಿದರೆ ಸಾರಿಲ್ಲ, ಪಲ್ಯ ಮಾತ್ರ. ಐವತ್ತರ ಕೆಳಗೆ? "ಬ್ರೆಡ್ಡು. ಅದನ್ನೂ ಹಿಡಿದುಕೊಂಡೇ ತಿನ್ನಬೇಕು!"

ಅಲ್ಲಿ ಚಂದ್ರನೊಳಗಿನ ಮೊಲ ತಲೆಕೆಳಗಾಗಿ ಕಾಣುತ್ತದೆ ಎಂದೂ ಹೇಳುತ್ತಿದ್ದರು. "ಬೀಳುವುದಿಲ್ವಾ?" ಎಂದು ಒಬ್ಬ ಆಟೋದವ ಕೇಳಿದ್ದಕ್ಕೆ, "ಅಲ್ಲಿನವರು ನಿನ್ನ ರಿಕ್ಷಾದ ಬಗ್ಗೆ ಅದನ್ನೇ ಕೇಳುವುದು" ಎಂದರು. ನಾನು ತಂದುಕೊಟ್ಟ ಭೂಪಟವನ್ನೂ ಬುಡಮೇಲಾಗಿ ಹಚ್ಚಿದ್ದರಿಂದ, ಬನ್ನು ತಿನ್ನಲು ಬಂದವರೆಲ್ಲ ಕುತ್ತಿಗೆ ಉಳುಕಿಸಿಕೊಂಡು ಹೋಗುತ್ತಿದ್ದರು!

ಎರಡು ಸಾವಿರದ ಇಸವಿಯ ಆಚೆಗೆ ನಮ್ಮ ಶಾಲೆಗೆ ಭೂಮಿಯ ಒಂದು ದೊಡ್ಡ ಗೋಳ ಬಂತು. ಸುದ್ದಿ ತಿಳಿದ ಸಾಹೇಬರು ಒಂದು ಶುಕ್ರವಾರ ನಮಾಝ್ ಮುಗಿಸಿ, ಬೇಕರಿಯಲ್ಲಿ ಪೊಟ್ಟಣ ಕಟ್ಟುವ ನೂಲು ಹಿಡಿದು ಸ್ಟಾಫ್ ರೂಮಿಗೆ ಬಂದರು. ಅಂದು ಪರೀಕ್ಷೆ ಇರಲಿಲ್ಲ, ತಮಾಷೆಯೂ ಇರಲಿಲ್ಲ. ದಕ್ಷಿಣ ಅಮೆರಿಕದ ಬಾಲದ ತುದಿಯ ಮೇಲೆ ಬೆರಳಿಟ್ಟು, "ಇಲ್ಲಿಂದ ಮಕ್ಕಾ ಯಾವ ಬದಿಗೆ, ನೂಲು ಹಿಡಿದು ನೋಡುವ" ಎಂದರು.

ನೂಲು ಬಿಗಿಯಾಗಿ ಹಿಡಿದೆವು. ಅದು ನೇರ ಪೂರ್ವಕ್ಕೆ ಹೊರಟಿತು. ಸಾಹೇಬರು ಕುರ್ಚಿಯಲ್ಲಿ ಕುಳಿತುಬಿಟ್ಟರು.

ಆಗ ಹೇಳಿದರು. ಅವರ ಹಡಗಿನ ಇಂಜಿನ್ ಕೋಣೆಯಲ್ಲಿ ಶಿರ್ತಾಡಿಯ ಒಬ್ಬ ಗೆಳೆಯ ಇದ್ದ. ಅಷ್ಟು ಕೆಳಗೆ ಇಬ್ಬರಿಗೂ ಅದೇ ಮೊದಲ ಪ್ರಯಾಣ. ಗೆಳೆಯ ಜ್ವರ ಬಂದು ತೀರಿಕೊಂಡ. ಆ ತುದಿಯ ಬಂದರಿನಲ್ಲಿ ಇಳಿಸಿ ದಫನ ಮಾಡಬೇಕಾಯಿತು. ಜೂನ್ ತಿಂಗಳು, ನೆಲ ಹೆಪ್ಪುಗಟ್ಟಿ ಹಾರೆ ಪುಟಿಯುತ್ತಿತ್ತು. ಮಣ್ಣಿಗಿಡುವಾಗ ಮುಖ ಮಕ್ಕಾದ ಕಡೆಗಿರಬೇಕು. ಅದು ಪೂರ್ವಕ್ಕೆ ಎಂದು ಕ್ಯಾಪ್ಟನ್ ಹೇಳಿದ್ದ. ಪೂರ್ವ ಎಲ್ಲಿ? ಮಧ್ಯಾಹ್ನದ ಸೂರ್ಯ ಗುಡ್ಡದ ಮೇಲೆ ತಗ್ಗಿನಲ್ಲಿ ಕೂತಿದ್ದ. ಚಳಿಗಾಲದಲ್ಲಿ ಸೂರ್ಯ ವಾಲುವುದು ದಕ್ಷಿಣಕ್ಕಲ್ಲವೇ? ಊರಿನ ಲೆಕ್ಕದಲ್ಲಿ ದಿಕ್ಕು ಹಿಡಿದು ಗೆಳೆಯನ ಮುಖ ತಿರುಗಿಸಿ ಮಲಗಿಸಿದರು. ಮರುದಿನ ಮಧ್ಯಾಹ್ನ ಹಡಗು ಉತ್ತರಕ್ಕೆ ಹೊರಟಾಗ ಸೂರ್ಯ ನೇರ ಎದುರಿಗೇ ಇದ್ದ.

"ಬೆನ್ನು ತಿರುಗಿಸಿ ಮಲಗಿಸಿದೆ ಮಾಷ್ಟ್ರೇ. ಅವನ ಅಕ್ಕನ ಹತ್ತಿರ ಎಲ್ಲ ಸರಿಯಾಗಿ ಆಯಿತು ಅಂತ ಹೇಳಿದೆ." ಗೋಳವನ್ನು ಒಂದು ಸುತ್ತು ತಿರುಗಿಸಿ ಕೇಳಿದರು, "ಭೂಮಿ ಉರುಟಲ್ಲವಾ? ಪಶ್ಚಿಮಕ್ಕೆ ನೋಡಿದರೂ ಸುತ್ತಿ ಹೋಗಿ ಮುಟ್ಟುತ್ತದಲ್ಲವಾ?"

ನೂಲನ್ನು ಆಚೆಯಿಂದ ಹಿಡಿದೆ. ಮುಟ್ಟಿತು, ಎರಡರಷ್ಟು ದೂರದಿಂದ. "ಮುಟ್ಟುತ್ತದೆ ಸಾಹೇಬ್ರೇ. ಆದರೆ ಇದನ್ನು ನೀವು ನನಗೆ ಹೇಳಿ ಎಂತ ಪ್ರಯೋಜನ? ಅವರ ಅಕ್ಕನಿಗೆ ಹೇಳಬೇಕು" ಎಂದೆ.

"ಒಬ್ಬನೇ ಹೋಗಲು ಧೈರ್ಯ ಇಲ್ಲ."

ಮುಂದಿನ ಭಾನುವಾರ ಎರಡು ಬಸ್ಸು ಬದಲಿಸಿ ಇಬ್ಬರೂ ಶಿರ್ತಾಡಿಗೆ ಹೋದೆವು. ಅಕ್ಕ ಜಗಲಿಯಲ್ಲಿ ಮೊರ ಮಡಿಲಲ್ಲಿಟ್ಟು ಬೀಡಿ ಕಟ್ಟುತ್ತಿದ್ದರು. ತಾಯಿಯಿಲ್ಲದ ತಮ್ಮನನ್ನು ಸಾಕಿದ್ದು ಅವರೇ. ಸಾಹೇಬರು ತಲೆ ಎತ್ತದೆ, ಆ ಜೂನಿನಲ್ಲಿ ದಿಕ್ಕು ತಪ್ಪಿದ್ದನ್ನು ಹೇಳಿದರು. ಅಕ್ಕನ ಕೈ ನಿಂತಿತು.

"ಆಗ ನಿನಗೆ ಪ್ರಾಯ ಎಷ್ಟು?"

"ಇಪ್ಪತ್ತಾರು."

"ನಮ್ಮವ ಅಂತ ನೀನೊಬ್ಬನೇ ಇದ್ದದ್ದಾ?"

"ಹೌದಕ್ಕ. ದಫನದ ಮೊದಲಿನ ಮಯ್ಯತ್ ನಮಾಝ್ ಕೂಡ ನಾನೊಬ್ಬನೇ ಮಾಡಿದ್ದು."

"ಹಾಗಾದರೆ ಅವನ ಹತ್ತಿರ ನೀನಿದ್ದೆಯಲ್ಲ. ದಿಕ್ಕು ನೋಡುವವನು ನೋಡಿಕೊಂಡಿರುತ್ತಾನೆ."

ಸಾಹೇಬರು ಟೊಪ್ಪಿ ತೆಗೆದು ಮುಖ ಒರೆಸಿಕೊಂಡರು. ಅಕ್ಕ ಒಂದು ಎಲೆ ಎತ್ತಿಕೊಂಡು, ಮತ್ತೆ ಕೆಳಗಿಟ್ಟರು.

"ಜೂನ್ ಅಂದೆಯಲ್ಲ. ಪ್ರತಿ ಮಳೆಗಾಲ ನಾನು ಎಣಿಸುವುದು, ಅವನ ಮೇಲೂ ಹೀಗೇ ಸುರಿಯುತ್ತಿರಬಹುದು ಅಂತ. ಚಿಕ್ಕಂದಿನಲ್ಲಿ ಅವನಿಗೆ ಶೀತ ತಡೆಯುತ್ತಿರಲಿಲ್ಲ. ಆ ದಿನ ಅಲ್ಲಿ ಹೇಗಿತ್ತು?"

ಸಾಹೇಬರು ಒಮ್ಮೆ ನನ್ನ ಮುಖ ನೋಡಿದರು.

"ಒಳ್ಳೆ ಬಿಸಿಲಕ್ಕ. ಮಣ್ಣು ಬೆಚ್ಚಗಿತ್ತು."

ಅಕ್ಕ ನನ್ನ ಕಡೆಗೆ ತಿರುಗಿದರು. "ಹೌದಾ ಮಾಷ್ಟ್ರೇ? ನೀವು ಓದಿದವರು. ಅಲ್ಲಿ ಜೂನಿನಲ್ಲಿ ಬಿಸಿಲಾ?"

"ಹೌದಮ್ಮ" ಎಂದೆ, "ಅಲ್ಲಿ ಆಗ ಬೇಸಿಗೆ."

"ಹಾಗಾದರೆ ಆಯ್ತು" ಎಂದು ಅವರು ಮೊರವನ್ನು ಬದಿಗಿಟ್ಟು, ನಮಗೆ ಚಹಾ ಮಾಡಲು ಎದ್ದರು.