ಎಡಗಡೆಯ ಕಾಯಿಲ್

ಒಂದು ವಸ್ತುವಿನ ಚಿತ್ರವನ್ನು ಚೆಂದಾಗಿ ಬರೆಯಬಲ್ಲವನಿಗೆ ಆ ವಸ್ತುವೂ ಚೆಂದಾಗಿ ಗೊತ್ತಿರುತ್ತದೆ ಎಂದು ಜನ ನಂಬಿಬಿಡುತ್ತಾರೆ. ಈ ನಂಬಿಕೆಯ ನೆರಳಿನಲ್ಲಿಯೇ ನಾನು ಇಪ್ಪತ್ತು ವರ್ಷ ನೌಕರಿ ಮಾಡಿದ್ದೇನೆ. ನಾನು ಐಟಿಐ ಮಾಸ್ತರ. ಎಣ್ಣೆಯ ಒತ್ತಡದಿಂದ ಭಾರ ಎತ್ತುವ, ಇಳಿಸುವ ಯಂತ್ರಗಳಿರುತ್ತವಲ್ಲ, ಆ ಹೈಡ್ರಾಲಿಕ್ ವಿದ್ಯೆಯನ್ನು ಕಲಿಸುತ್ತೇನೆ. ಅದರಲ್ಲೂ ಸೊಲೆನಾಯ್ಡ್ ವಾಲ್ವಿನ ಪಾಠ ಬಂತೆಂದರೆ ನನಗೆ ಎಲ್ಲಿಲ್ಲದ ಹುರುಪು. ಅಳತೆಪಟ್ಟಿ ಇಲ್ಲದೆ ಬೋರ್ಡಿನ ಮೇಲೆ ಒಂದಕ್ಕೊಂದು ಅಂಟಿಕೊಂಡ ಮೂರು ಚೌಕ ಎಳೆಯುತ್ತೇನೆ. ಅವುಗಳ ಎರಡೂ ತುದಿಗೆ ಒಂದೊಂದು ಪುಟ್ಟ ಡಬ್ಬಿ. ಅವು ಕರೆಂಟಿನ ಕಾಯಿಲ್‌ಗಳು. ಎಡಕ್ಕಿರುವುದು ಎ, ಬಲಕ್ಕಿರುವುದು ಬಿ. ಒಂದಕ್ಕೆ ಕರೆಂಟು ಕೊಟ್ಟರೆ ಎಣ್ಣೆ ಒಂದು ಪೈಪಿನಲ್ಲಿ ನುಗ್ಗಿ ಸಿಲಿಂಡರ್ ಇಳಿಯುತ್ತದೆ, ಇನ್ನೊಂದಕ್ಕೆ ಕೊಟ್ಟರೆ ಏರುತ್ತದೆ, ಎರಡಕ್ಕೂ ಕೊಡದಿದ್ದರೆ ನಡುವಿನ ಚೌಕದಂತೆ ತೆಪ್ಪಗೆ ನಿಲ್ಲುತ್ತದೆ. ಇಷ್ಟೇ ಸಂಗತಿ. ಆದರೆ ನಾನು ಇದನ್ನು ಮೂರು ದಿನ ಕಲಿಸುತ್ತೇನೆ. ಒಮ್ಮೆ ಒಬ್ಬ ವಿದ್ಯಾರ್ಥಿ ಎದ್ದು, "ಸರ್, ಎಣ್ಣಿ ಮೂರೂ ಮನಿಗೆ ಒಮ್ಮೆಲೇ ಹೋಗ್ತೈತೇನ್ರಿ?" ಎಂದು ಕೇಳಿದ. ಅವನಿಗೆ ಉತ್ತರ ಹೇಳುವುದರಲ್ಲಿ ನಾಲ್ಕನೆಯ ದಿನವೂ ಕಳೆಯಿತು.

ನಿಜವಾದ ವಾಲ್ವೂ ನಮ್ಮಲ್ಲಿ ಇಲ್ಲದಿಲ್ಲ. ಗಾಜಿನ ಕಪಾಟಿನಲ್ಲಿದೆ. ದಾಸ್ತಾನು ಪುಸ್ತಕದಲ್ಲಿ ಅದರ ಮುಂದೆ 'ಸುಸ್ಥಿತಿಯಲ್ಲಿದೆ' ಎಂದು ಪ್ರತಿ ವರ್ಷ ಬರೆದು ಸಹಿ ಮಾಡುವವನು ನಾನೇ. ಹೊರಗೆ ತೆಗೆದು ಬಿಚ್ಚಿದರೆ ಆ ಸುಸ್ಥಿತಿಗೆ ಯಾರು ಜವಾಬ್ದಾರರು? ಹಾಗಾಗಿ ಅದರ ಸುಸ್ಥಿತಿಯನ್ನೂ ನನ್ನ ಮರ್ಯಾದೆಯನ್ನೂ ಒಂದೇ ಕೀಲಿಯಲ್ಲಿ ಕಾಪಾಡಿಕೊಂಡು ಬಂದಿದ್ದೇನೆ.

ಇಂಥ ನನ್ನ ಮನೆಗೇ ಅಂಥದೇ ಒಂದು ವಾಲ್ವ್ ಬಂದು ಸೇರಬೇಕೆ! ಯಲಬುರ್ಗಾದಲ್ಲಿ ನಮ್ಮ ಮನೆಗೆ ಹೊಂದಿಕೊಂಡ ತಗಡಿನ ಶೆಡ್ಡಿದೆ. ಅಲ್ಲಿ ನನ್ನ ಹೆಂಡತಿ ಗಿರಿಜಾ, ಅವಳ ಗೆಳತಿ ಶಾಂತವ್ವ ಇಬ್ಬರೂ ಕೂಡಿ ಕಾಗದದ ಊಟದ ತಟ್ಟೆ ಒತ್ತುವ ಹೈಡ್ರಾಲಿಕ್ ಪ್ರೆಸ್ ಇಟ್ಟಿದ್ದಾರೆ. ಹಸಿರು ಗುಂಡಿ ಒತ್ತಿದರೆ ಅಚ್ಚು ಇಳಿದು ತಟ್ಟೆಯಾಗುತ್ತದೆ, ಕೆಂಪು ಒತ್ತಿದರೆ ಏರುತ್ತದೆ. ನಮ್ಮ ಕಡೆ ಟ್ರ್ಯಾಕ್ಟರಿನಿಂದ ಹಿಡಿದು ಹಿಟ್ಟಿನ ಗಿರಣಿಯವರೆಗೆ ಎಲ್ಲಕ್ಕೂ ಅಮಾವಾಸ್ಯೆಯ ದಿನ ಸ್ನಾನ, ವಿಭೂತಿ, ಕಾಯಿ ಆಗಲೇಬೇಕು. ಕಳೆದ ಅಮಾವಾಸ್ಯೆ ನನಗೂ ರಜೆಯಿತ್ತು. "ಕರೆಂಟಿನ ಸಾಮಾನಿಗೆ ನೀರು ತಾಗಬಾರದು, ಸರೀರಿ" ಎಂದು ಇಬ್ಬರನ್ನೂ ಹಿಂದೆ ಸರಿಸಿ, ವಾಲ್ವಿನ ಎರಡೂ ಕಾಯಿಲ್‌ಗಳ ಎ, ಬಿ ಎಂದು ಚೀಟಿ ಅಂಟಿಸಿದ್ದ ಪ್ಲಗ್ಗುಗಳನ್ನು ನಾನೇ ಕಿತ್ತು, ವಾಲ್ವಿಗೆ ಪ್ಲಾಸ್ಟಿಕ್ ಸುತ್ತಿ, ತೊಳೆದಾದ ಮೇಲೆ ನಾನೇ ಮತ್ತೆ ಕೂಡಿಸಿದೆ. ಶಾಂತವ್ವ ಅಷ್ಟರಲ್ಲಿ ವಾಲ್ವಿನ ಮೇಲಿದ್ದ ಪುಟ್ಟ ತಗಡಿನಲ್ಲಿ ಕೊರೆದ ಅದೇ ಮೂರು ಚೌಕದ ಚಿತ್ರಕ್ಕೆ ಮೂರು ಬೆರಳು ವಿಭೂತಿ ಎಳೆದು, ನಡುವೆ ಕುಂಕುಮ ಹಚ್ಚಿದ್ದಳು. "ಕಂಪನ್ಯಾವ್ರು ಏನೋ ಮಂಡಲ ಕೊರದಾರ್ರಿ ಮಾಸ್ತರ, ಅದಕ್ಕ ಪೂಜಿ ಬ್ಯಾಡೇನು?" ಎಂದಳು. ನನ್ನ ಪಾಠಕ್ಕೆ ಇಷ್ಟು ಭಕ್ತಿಯನ್ನು ಯಾವ ವಿದ್ಯಾರ್ಥಿಯೂ ತೋರಿಸಿರಲಿಲ್ಲ. ನನಗೆ ಖುಷಿಯಾಯಿತು.

ಮರುದಿನ ಬೆಳಿಗ್ಗೆ ತಳಕಲ್ಲಿನ ಮದುವೆಯೊಂದಕ್ಕೆ ತಟ್ಟೆ ಒತ್ತಬೇಕಿತ್ತು. ಸಂಜೆ ಐದಕ್ಕೆ ಒಯ್ಯಲು ಗಾಡಿ ಬರುವುದಿತ್ತು. ಗಿರಿಜಾ ಹಸಿರು ಗುಂಡಿ ಒತ್ತಿದಳು. ಯಂತ್ರ ಗುಂಯ್ ಎಂದು ನರಳಿತೇ ಹೊರತು ಅಚ್ಚು ಇಳಿಯಲಿಲ್ಲ. ಎಲ್ಲೋ ಸಿಕ್ಕಿಕೊಂಡಿದೆ ಎಂದು ಶಾಂತವ್ವ ಕಾಗದ ಸರಿಪಡಿಸಲು ಕೈ ಹಾಕಿದಳು. ಅವಳ ಕೈ ಕಂಡು ಗಾಬರಿಯಾದ ಗಿರಿಜಾ, ಅಚ್ಚು ಮೇಲಕ್ಕೇ ಇರಲಿ ಎಂದು ಕೆಂಪು ಗುಂಡಿ ಒತ್ತಿಬಿಟ್ಟಳು. ಅಚ್ಚು ದಬಕ್ಕನೆ ಇಳಿಯಿತು! ಶಾಂತವ್ವ ಚಿಟ್ಟನೆ ಚೀರಿ ಕೈ ಕಿತ್ತುಕೊಂಡಳು. ಒಂದು ಬೆರಳಿನಷ್ಟು ಅಂತರದಲ್ಲಿ ಉಳಿದಳು. ನಾನು ಬಾಗಿಲಲ್ಲಿ ಚಹಾ ಕುಡಿಯುತ್ತ ನಿಂತಿದ್ದೆ. ಕಪ್ಪು ಅಲ್ಲೇ ಬಿಟ್ಟು ಓಡಿ ಮೇನ್ ಸ್ವಿಚ್ ಆರಿಸಿ, "ಇನ್ನ ಯಾರೂ ಗುಂಡಿ ಮುಟ್ಟಬ್ಯಾಡ್ರಿ!" ಎಂದು ಕೂಗಿದೆ. ಆ ದಿನ ನಾನು ಮಾಡಿದ ಸರಿಯಾದ ಕೆಲಸ ಅದೊಂದೇ.

ಶಾಂತವ್ವ ನೀರು ಕುಡಿದು, ಐದೂ ಬೆರಳು ಎಣಿಸಿ, "ಅದಾವ್ರಿ, ಎಲ್ಲಾ ಅದಾವ" ಎಂದು ನಕ್ಕಳು. ಗಿರಿಜಾ ನಗಲಿಲ್ಲ. "ತಾಟು ಇಲ್ಲಂದ್ರ ಮದಿವಿ ಮಂದಿ ಅಂಗೈಯಾಗ ಉಣ್ತಾರೇನ್ರಿ? ಇಪ್ಪತ್ತು ವರ್ಷ ಇದನ್ನ ಕಲಿಸೀರಿ, ಇವತ್ತೊಂದಿನ ಮಾಡಿ ತೋರಸ್ರಿ" ಎಂದಳು. ಮದುವೆಯ ಊಟದ ಜೊತೆಗೆ ನನ್ನ ಇಪ್ಪತ್ತು ವರ್ಷವೂ ಪಣಕ್ಕೆ ಬಿತ್ತು.

ನನಗೆ ಬರುವುದು ಒಂದೇ ವಿದ್ಯೆ. ಶೆಡ್ಡಿನಲ್ಲಿ ಸೀಮೆಸುಣ್ಣ ಇರಲಿಲ್ಲ. ರಂಗೋಲಿ ಡಬ್ಬಿ ಇಸಿದುಕೊಂಡು ನೆಲದ ಮೇಲೆ ಚೌಕ ಎಳೆಯುತ್ತ ಕುಳಿತೆ. ಒಳಗಿನ ಸ್ಪ್ರಿಂಗ್ ಮುರಿದಿದ್ದರೆ ಎಣ್ಣೆ ಎಲ್ಲಿಗೆ ಹೋಗುತ್ತದೆ, ಕಸ ಸಿಕ್ಕಿದ್ದರೆ ಎಲ್ಲಿ ನಿಲ್ಲುತ್ತದೆ ಎಂದು ಒಂದೊಂದಕ್ಕೂ ಒಂದೊಂದು ಚಿತ್ರ. ಹನ್ನೆರಡು ಗಂಟೆಯ ಹೊತ್ತಿಗೆ ಚಿತ್ರ ಹೊಸ್ತಿಲಿಗೆ ಬಂದಿತ್ತು. ಪಕ್ಕದ ಮನೆಯ ಮುದುಕಿ ತುಳಿಯಬಾರದೆಂದು ಸುತ್ತುಹಾಕಿ ಹೋದಳು. "ಮಾಸ್ತರ ಕೈಯಾಗ ರಂಗೋಲಿ ಭಾಳ ಛಲೋ ಬರ್ತೈತಿ" ಎಂದು ಶಾಂತವ್ವ ಮೆಚ್ಚಿಕೊಂಡಳು.

ಗಿರಿಜಾ ಸೊಂಟದ ಮೇಲೆ ಕೈಯಿಟ್ಟು ನಿಂತು ಎಲ್ಲವನ್ನೂ ನೋಡಿದಳು. "ರೀ, ಅದು ಕೆಟ್ಟಿಲ್ಲ. ಏರೂದು ಬರ್ತೈತಿ, ಇಳಿಯೂದೂ ಬರ್ತೈತಿ. ಏರು ಅಂದ್ರ ಇಳಿತೈತಿ, ಅಷ್ಟ. ನಿನ್ನಿ ನೀವು ಪ್ಲಗ್ಗು ಅದಲಬದಲ ಹಾಕೀರೇನು ನೋಡ್ರಿ."

"ಛೇ, ಶಕ್ಯನೇ ಇಲ್ಲ. ಎ ಅಂತ ಚೀಟಿ ಇದ್ದದ್ದನ್ನ ಎಡಗಡಿ ಕಾಯಿಲಿಗೇ ಹಾಕೀನಿ."

"ಎಡಗಡೀದು ಎ ಅಂತ ಯಾರು ಹೇಳಿದ್ರು?"

"ಯಾರು ಹೇಳೂದೇನು? ಅದು ಯಾವತ್ತೂ ಎಡಕ್ಕೇ ಇರ್ತೈತಿ!"

ಅವಳು ವಾಲ್ವಿನ ಹತ್ತಿರ ಹೋದಳು. ಸೆರಗಿನ ತುದಿಯಿಂದ ತಗಡಿನ ವಿಭೂತಿ ಒರೆಸಿದಳು. ಒಳಗಿನ ಚಿತ್ರ ತಲೆಕೆಳಗಾಗಿ ನಿಂತಿತ್ತು. ಪೈಪಿಗೆ ಅನುಕೂಲವಾಗಲೆಂದು ವಾಲ್ವನ್ನೇ ತಿರುಗಿಸಿ ಕೂಡಿಸಿದ್ದರು. ಎ ಇದ್ದದ್ದು ಬಲಕ್ಕೆ! ನನ್ನ ಬೋರ್ಡಿನ ಮೇಲೆ ಇಪ್ಪತ್ತು ವರ್ಷ ಎಡಕ್ಕಿತ್ತೆಂಬ ಸುದ್ದಿ ಆ ಬಡಪಾಯಿ ವಾಲ್ವಿಗೆ ಮುಟ್ಟಿರಲಿಲ್ಲ. ಶಾಂತವ್ವನ ಬೆರಳಿಗೆ ಬಂದಿದ್ದ ಗಂಡಾಂತರ ನನ್ನ ಕೈಯಿಂದಲೇ ಬಂದದ್ದೆಂದು ತಿಳಿದು ನಿಜವಾಗಿಯೂ ನಾಚಿಕೆಯಾಯಿತು. ತಪ್ಪಾಯಿತು ಎಂದೆ. "ಇರ್ಲಿ ಬಿಡ್ರಿ, ಬೆರಳು ಅದಾವಲ್ಲ" ಎಂದಳು ಆ ಪುಣ್ಯಾತ್ಗಿತ್ತಿ. ಗಿರಿಜಾ ಪ್ಲಗ್ಗು ಬದಲಿಸಿದಳು, ನಾನು ಮೇನ್ ಹಾಕಿದೆ. ಹಸಿರಿಗೆ ಇಳಿಯಿತು, ಕೆಂಪಿಗೆ ಏರಿತು. ಐದಕ್ಕೆ ಬಂದ ಗಾಡಿಯವನು ಅರ್ಧ ತಾಸು ಕಾದು, ತಟ್ಟೆ ತುಂಬಿಸಿಕೊಂಡೇ ಹೋದ.

ಮದುವೆಗೆ ನಮ್ಮನ್ನೂ ಕರೆದಿದ್ದರು. ನಮ್ಮದೇ ತಟ್ಟೆಯಲ್ಲಿ ಬಿಸಿ ಬಿಸಿ ಗೋಧಿ ಹುಗ್ಗಿ, ಮೇಲೆ ತುಪ್ಪ. ಪಂಕ್ತಿಯಲ್ಲಿ ಶಾಂತವ್ವ, ನನ್ನ ಮಾನ ಉಳಿಸಲೋ ಕೆಣಕಲೋ, ಎಲ್ಲರಿಗೂ ಕೇಳುವಂತೆ, "ನಮ್ಮ ಮಾಸ್ತರು ನೆಲದ ತುಂಬ ಲೆಕ್ಕ ಬರದು ಮಿಷನ್ ದುರಸ್ತಿ ಮಾಡಿದ್ದಕ್ಕ ಈ ತಾಟು ಬಂದಾವ್ರೀ!" ಎಂದಳು. ಜನ ನನ್ನ ಕಡೆ ತಿರುಗಿದರು. ನಾನು ಗಿರಿಜಾಳ ಕಡೆ ನೋಡಿದೆ. ಅವಳು ತಲೆ ತಗ್ಗಿಸಿ ಹುಗ್ಗಿ ಉಣ್ಣುತ್ತಿದ್ದಳು, ಭುಜ ಮಾತ್ರ ಕುಲುಕುತ್ತಿತ್ತು. ನಿಜ ಹೇಳಬಹುದಿತ್ತು. ಬಾಯಿ ತುಂಬ ಹುಗ್ಗಿಯಿತ್ತು.

ಆಮೇಲೆ ಶುರುವಾಯಿತು. ಬೇವೂರಿನಿಂದ ಒಬ್ಬರು ಬಂದು ಟ್ರೇಲರ್ ಎತ್ತಿದ್ದು ಇಳಿಯುವುದಿಲ್ಲ ಎಂದರು. ಸಿದ್ದಾಪುರದಿಂದ ಭತ್ತ ಕೊಯ್ಯುವ ಯಂತ್ರದವರು ಫೋನು ಮಾಡಿದರು. ನಾನು ಎಲ್ಲ ಸಾವಧಾನವಾಗಿ ಕೇಳಿಸಿಕೊಂಡು, "ಮನ್ಯಾಗ ಒಂದು ಮಾತು ಕೇಳಿ ಹೇಳ್ತೀನ್ರಿ" ಎಂದು ಒಳಗೆ ಹೋಗುತ್ತೇನೆ. ಗಿರಿಜಾ ರೊಟ್ಟಿ ಬಡಿಯುತ್ತಲೇ ನಾಲ್ಕು ಮಾತು ಕೇಳುತ್ತಾಳೆ, ಎರಡು ಮಾತು ಹೇಳುತ್ತಾಳೆ. ಹೊರಗೆ ಬಂದು ಆ ಎರಡನ್ನೇ ನಾನು ಗಂಭೀರವಾಗಿ ಒಪ್ಪಿಸುತ್ತೇನೆ. "ಇಷ್ಟ ಶಾಣ್ಯಾ ಮನಷ್ಯಾ, ಹೆಂಡ್ತಿಗೆ ಎಷ್ಟ ಅಂಜ್ತಾನ ನೋಡು" ಎಂದು ಈಗ ಊರೆಲ್ಲ ನಗುತ್ತದೆ. ನಾನು ತಕರಾರು ಮಾಡಲು ಹೋಗಿಲ್ಲ. ಅಂಜುವ ಗಂಡ ಎಂಬ ಹೆಸರಿನಿಂದ ಯಾವ ಮಾಸ್ತರನ ನೌಕರಿಯೂ ಹೋಗುವುದಿಲ್ಲ. ಒಳಗೆ ಹೋಗಿ ಏನು ಕೇಳಿ ಬರುತ್ತೇನೆಂದು ತಿಳಿದರೆ ಹೋದೀತು.