ಉಳ್ಳಾಗಡ್ಡಿಯ ಬೇರು ಹುಡುಕಿ

ನನ್ನ ತವರುಮನೆಯ ಅಡ್ಡಹೆಸರು ಉಳ್ಳಾಗಡ್ಡಿ, ಹೆಚ್ಚುವಾಗ ಕಣ್ಣೀರು ತರಿಸುವ ಅದೇ ಗಡ್ಡೆ. ಈ ಹೆಸರು ಹೊತ್ತವರು ನಗೆಯನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಸಾಲಿಯಲ್ಲಿ ಹಾಜರಿ ಕೂಗುವಾಗ, ದವಾಖಾನೆಯಲ್ಲಿ ಚೀಟಿ ಮಾಡಿಸುವಾಗ ಅದೇ ಬಂದು ಪಕ್ಕದಲ್ಲಿ ಕೂರುತ್ತದೆ. ಮದುವೆಯಾದ ಮೇಲೆ ನಾನು ಗಂಡನ ಅಡ್ಡಹೆಸರು ಹಾಕಿಕೊಂಡೆ, ಗೋಕಾಕದಲ್ಲಿ ಟೀಚರಾಗಿ ದುಡಿದು ನಿವೃತ್ತಳೂ ಆದೆ. ಇನ್ನಾದರೂ ಬಿಟ್ಟೀತು ಅಂದುಕೊಂಡಿದ್ದೆ. ಬಿಡಲಿಲ್ಲ.

ಆದದ್ದು ಇಷ್ಟು. ನನ್ನ ಅಣ್ಣನ ಮಗಳು ಹುಕ್ಕೇರಿಯ ಒಬ್ಬ ದನದ ಡಾಕ್ಟರನ್ನು ಮೆಚ್ಚಿದಳು. ಹುಡುಗ ನಮ್ಮ ಕುರುಬರ ಪೈಕಿಯೇ, ಗುಣವಂತ. ಆದರೆ ಅವನ ಅಡ್ಡಹೆಸರೂ ಉಳ್ಳಾಗಡ್ಡಿ. ಮನೆಗೆ ಹಿರಿಯರಾದ ನಮ್ಮ ಕಾಕಾ, ಅಂದರೆ ಅಪ್ಪನ ತಮ್ಮ, ಕೇಳಿದ ಕೂಡಲೇ ಟೊಪ್ಪಿಗೆ ತೆಗೆದು ತೊಡೆಯ ಮೇಲೆ ಇಟ್ಟುಕೊಂಡರು. ಅವರು ಟೊಪ್ಪಿಗೆ ತೆಗೆದರೆ ತೀರ್ಪು ಬಂತು ಅಂತಲೇ ಲೆಕ್ಕ.

"ಒಂದ ಅಡ್ಡಹೆಸರಂದ್ರ ಒಂದ ರಕ್ತ. ಅಣ್ಣ-ತಂಗಿ ಆಗ್ತಾರ. ಈ ಲಗ್ನ ಆಗಂಗಿಲ್ಲ."

ಎರಡೂ ಮನೆಯ ಬೆಡಗು, ಅಂದರೆ ಕುಲದ ಕವಲು, ಬೇರೆ ಬೇರೆ ಅಂತ ಹುಡುಗನ ಕಡೆಯವರು ಹೇಳಿ ಕಳಿಸಿದರು. ಕಾಕಾ ಒಪ್ಪಲಿಲ್ಲ. "ಬಾಯಿಮಾತು ನಡಿಯಂಗಿಲ್ಲ. ಎರಡೂ ಮನಿತನ ಬ್ಯಾರೆ ಅಂತ ಕಾಗದದಾಗ ತೋರಸ್ರಿ."

ಹುಡುಗಿ ಊಟ ಬಿಟ್ಟಳು. "ಅತ್ತಿ, ನೀನ ಏನರ ಮಾಡು" ಅಂತ ಬಂದು ನನ್ನ ಕೈ ಹಿಡಿದಳು. ನಾನು ಚೀಲದಲ್ಲಿ ಕನ್ನಡಕ ಹಾಕಿಕೊಂಡು ಹೊರಟೆ.

ಉಪ್ಪು ಮತ್ತು ಉಳ್ಳಾಗಡ್ಡಿ

ಮೊದಲು ಹೋದದ್ದು ಹಳೆಯ ಜಮೀನು ದಾಖಲೆ ಇಡುವ ಕಚೇರಿಗೆ. ಅಲ್ಲಿಯ ಗುಮಾಸ್ತ ನನ್ನ ಆಧಾರ್ ಕಾರ್ಡನ್ನು ತಿರುಗಿಸಿ ಮುರುಗಿಸಿ ನೋಡಿದ.

"ಬಾಯಾರ, ನಿಮಗ ಉಳ್ಳಾಗಡ್ಡಿಯವರ ದಾಖಲೆ ಬೇಕು. ಇದರಾಗ ನಿಮ್ಮ ಹೆಸರಿನ ಮುಂದ ಉಪ್ಪಿನ ಅಂತ ಐತಲ್ರಿ."

"ಅದು ಗಂಡನ ಮನಿದು. ಹುಟ್ಟಿದ್ದು ಉಳ್ಳಾಗಡ್ಡಿಯೊಳಗ."

"ಹುಟ್ಟಿದ್ದಕ್ಕ ಪುರಾವೆ?"

"ನಿಮ್ಮ ಮುಂದ ನಿಂತೀನಲ್ಲ."

ಅದು ನಡೆಯುವುದಿಲ್ಲ ಅಂದ. ಸಾಹೇಬರನ್ನು ಕೇಳಿ ಬರುತ್ತೇನೆಂದು ಒಳಗೆ ಹೋದ. ಬಾಗಿಲಿಗೆ ಪರದೆಯೊಂದೇ ಇತ್ತು, ಮಾತೆಲ್ಲ ಹೊರಗೆ ಕೇಳುತ್ತಿತ್ತು. "ಸರ್, ಉಪ್ಪಿನವರು ಉಳ್ಳಾಗಡ್ಡಿ ಹುಡುಕಾಕ ಬಂದಾರ್ರಿ" ಅಂದ. ಒಳಗಿನ ಸಾಹೇಬರು ಹೇಳಿದ್ದೂ ಕೇಳಿಸಿತು:

"ಕಡ್ಲಿಹಿಟ್ಟಿನವರು ಯಾರರ ಬರೂತನಾ ಕುಂದ್ರಸು. ಭಜಿ ಕರದ ಕಳಸೋಣು."

ವಂಶ ಇಲ್ರಿ

ಅಲ್ಲಿಂದ ಗ್ರಂಥಾಲಯಕ್ಕೆ ಬಂದೆ. ಊರಿನ ಹಳೆಯ ಸ್ಮರಣ ಸಂಚಿಕೆಗಳಲ್ಲಿ ಮನೆತನಗಳ ಚರಿತ್ರೆ ಏನಾದರೂ ಸಿಕ್ಕೀತು ಅಂತ ಆಸೆ. ಗ್ರಂಥಪಾಲಕ ಬಹಳ ಹುರುಪಿನ ಮನುಷ್ಯ. ಪಾಪ, ಅವನ ಹತ್ತಿರ ಯಾರೂ ಏನೂ ಕೇಳುವುದಿಲ್ಲ. ಬಂದವರೆಲ್ಲ ಪೇಪರ್ ಹಿಡಿದು ಫ್ಯಾನಿನ ಕೆಳಗೆ ಕೂರುತ್ತಾರೆ. ನಾನು "ಉಳ್ಳಾಗಡ್ಡಿ" ಅಂದದ್ದಷ್ಟೇ, ಮುಂದಿನದನ್ನು ಕೇಳದೆ ಏಣಿ ಹತ್ತಿದ. ಧೂಳು ಕೊಡವಿ ಒಂದು ರಾಶಿ ಪುಸ್ತಕ ತಂದು ಇಟ್ಟ. ನೋಡಿದರೆ ಎಲ್ಲ ಬೇಸಾಯದ ಪುಸ್ತಕ.

"ಇವಲ್ಲ ತಮ್ಮಾ, ನನಗ ಉಳ್ಳಾಗಡ್ಡಿಯವರ ವಂಶದ ಮಾಹಿತಿ ಬೇಕಿತ್ತು."

ಅವನು ಒಂದೊಂದೇ ಪುಸ್ತಕ ತಿರುವಿ ನಿಜವಾಗಿಯೂ ಮರುಗಿದ. "ಉಳ್ಳಾಗಡ್ಡಿ ರೋಗ ಐತ್ರಿ, ತಳಿ ಐತ್ರಿ, ಕೆಡದಂಗ ಇಡೂದು ಹ್ಯಾಂಗ ಅನ್ನೂದೂ ಐತ್ರಿ. ವಂಶ ಇಲ್ರಿ ಬಾಯಾರ."

ನಾನು ಎದ್ದೆ. ಅಷ್ಟರಲ್ಲಿ ಫ್ಯಾನಿನ ಕೆಳಗಿದ್ದ ಹಿರಿಯರೊಬ್ಬರು ಪೇಪರ್ ಇಳಿಸಿ, "ತಂಗಿ, ಆ ಕೆಡದಂಗ ಇಡೂದು ಇತ್ತ ಕೊಟ್ಟ ಹೋಗವಾ. ನಿಮ್ಮ ವಂಶದ್ದು ಆಮ್ಯಾಲೆ ನೋಡ್ಕೊ" ಅಂದರು.

ಮಾಸ್ತರರ ಕಾಣಿಕೆ

ಮೂಡಲಗಿಯ ಹಳೆಯ ಸಾಲಿಯಲ್ಲಿ ನಮ್ಮವರು ಕಲಿತಿದ್ದರು ಅಂತ ಯಾರೋ ಹೇಳಿದರು. ಹೆಡ್ ಮೇಡಂ ಒಳ್ಳೆಯವರು, ಹಳೆಯ ದಾಖಲಾತಿ ಪುಸ್ತಕ ತೆಗೆಸಿಕೊಟ್ಟರು. ಅದರಲ್ಲಿ ಒಬ್ಬ ಹುಡುಗನ ಅಡ್ಡಹೆಸರು ಉಳ್ಳಾಗಡ್ಡಿ, ಅವನ ಬೆನ್ನಿಗೆ ಹುಟ್ಟಿದ ತಮ್ಮನದು ಬಳ್ಳೊಳ್ಳಿ, ಅಂದರೆ ಬೆಳ್ಳುಳ್ಳಿ. ಅಪ್ಪ ಒಬ್ಬನೇ, ಊರು ಒಂದೇ. ನನಗೆ ತಲೆ ಬುಡ ತಿಳಿಯಲಿಲ್ಲ. ಆ ಮನೆತನದ ಮುದುಕರೊಬ್ಬರು ಸಾಲಿಯ ಎದುರಿಗೇ ಕಟ್ಟೆಯ ಮೇಲೆ ಕೂತಿದ್ದರು. ಹೋಗಿ ಕೇಳಿದೆ.

"ಅದೇನ ದೊಡ್ಡ ಮಾತಲ್ಲವಾ. ನಾವು ಮೂರು ಮಂದಿ ಅಣ್ಣತಮ್ಮಂದಿರು. ನಮ್ಮಪ್ಪಗ ಅಡ್ಡಹೆಸರ ಇದ್ದಿಲ್ಲ. ನಮ್ಮಣ್ಣನ್ನ ಸಾಲಿಗಿ ಹಚ್ಚೂ ಮುಂದ ಮಾಸ್ತರರಿಗೆ ಒಂದು ಚೀಲ ಉಳ್ಳಾಗಡ್ಡಿ ಒಯ್ದ. ಮಾಸ್ತರರು ಅದನ್ನ ನೋಡಿ ಅದನ್ನ ಬರಕೊಂಡ್ರು. ನನ್ನ ಹಚ್ಚೂ ವರ್ಷ ಬಳ್ಳೊಳ್ಳಿ ಬೆಳದಿದ್ವು."

"ಮತ್ತ ನಿಮ್ಮ ಸಣ್ಣ ತಮ್ಮ? ಅವರ ಹೆಸರು ಪುಸ್ತಕದಾಗ ಇಲ್ಲಲ್ಲ?"

ಮುದುಕರು ಎಲೆಯಡಿಕೆ ಉಗುಳಿ ಬಂದು ಕೂತರು. "ಆ ವರ್ಷ ಹೊಲದಾಗ ಬರೇ ಬದನಿಕಾಯಿ ಆಗಿದ್ವು. ನಮ್ಮವ್ವ, ಮಗ ಸಾಲಿ ಕಲೀದಿದ್ರೂ ನಡೀತೈತಿ ಅಂತ ಮನ್ಯಾಗ ಇಟ್ಕೊಂಡ್ಳು."

ಚಹಾ ಕುಡಿದು ಹೋಗುವವರು

ಘೋಡಗೇರಿಯಲ್ಲಿ ಒಂದು ಉಳ್ಳಾಗಡ್ಡಿ ಮನೆ ಇದೆ ಅಂತ ಕೇಳಿ ಆಟೋ ಮಾಡಿಕೊಂಡು ಹೋದೆ. ಬಾಗಿಲು ತೆರೆದವರು ಬಿಳಿ ಗಡ್ಡದ ಮುಸಲ್ಮಾನ ಹಿರಿಯರು. ನಾನು ತಪ್ಪು ಮನೆಗೆ ಬಂದೆ ಅಂದುಕೊಂಡೆ. ಅವರು, "ತಪ್ಪಿಲ್ಲ ಬರ್ರಿ, ನಾವೂ ಉಳ್ಳಾಗಡ್ಡಿನ" ಅಂತ ಕುರ್ಚಿ ಹಾಕಿದರು. ನಾನು ಬಂದ ಕಾರಣ ಹೇಳಿದೆ. ಅವರು ಬಹಳ ಹೊತ್ತು ನಕ್ಕರು.

"ನಮ್ಮ ಮುತ್ತ್ಯಾ ಉಳ್ಳಾಗಡ್ಡಿ ಮಾರತಿದ್ದ, ನಿಮ್ಮ ಮುತ್ತ್ಯಾ ಬೆಳೀತಿದ್ದ. ನಮ್ಮ ನಿಮ್ಮ ರಕ್ತಸಂಬಂಧ ಇದ್ರ ತಕ್ಕಡ್ಯಾಗ ಇರಬೇಕ ನೋಡ್ರಿ" ಅಂದವರೇ, ಒಳಗೆ ಅಡುಗೆಮನೆಯತ್ತ ಕೂಗಿದರು. "ಏ, ಕೇಳಿದೇನು? ನಮ್ಮ ಮನಿತನದವರು ಗೋಕಾಕದಿಂದ ಬಂದಾರ."

ಒಳಗೆ ಪಾತ್ರೆಗಳ ಸಪ್ಪಳ ಒಮ್ಮೆಲೇ ನಿಂತಿತು. ಆಮೇಲೆ ಅವರ ಮನೆಯವರ ದನಿ ಬಂತು.

"ಹೊಲದಾಗ ಹಿಸ್ಸಾ ಕೇಳಾಕ ಬಂದಾರೋ, ಬರೇ ಚಹಾ ಕುಡದ ಹೋಗ್ತಾರೋ, ಅದನ್ನೊಂದ ಕೇಳ್ರಿ ಮೊದಲ."

ಹುಕ್ಕೇರಿಯ ಈರುಳ್ಳಿ

ಕೊನೆಗೆ ಹುಡುಗನ ಮನೆಗೇ ಹೋದೆ. ಅವನ ಅಜ್ಜ ಹೊಸ ರೇಶನ್ ಕಾರ್ಡ್ ಹಿಡಿದು ಸಿಟ್ಟಿನಲ್ಲಿ ಕೂತಿದ್ದರು. ದಕ್ಷಿಣದ ಕಡೆಯಿಂದ ಕಚೇರಿಗೆ ಹೊಸದಾಗಿ ಬಂದ ಯಾವನೋ ಕಂಪ್ಯೂಟರಿನ ಹುಡುಗ, ಉಳ್ಳಾಗಡ್ಡಿ ಅನ್ನುವುದು ಹಳ್ಳಿಯವರ ತಪ್ಪು ಅಂತ ತಿಳಿದು, ಅಜ್ಜನ ಅಡ್ಡಹೆಸರನ್ನು ತಿದ್ದಿ "ಈರುಳ್ಳಿ" ಮಾಡಿಬಿಟ್ಟಿದ್ದ.

"ಎರಡೂ ಒಂದ ಅಲ್ಲೇನ್ರಿ ಅಂತ ನನಗ ಹೇಳ್ತಾನ" ಅಂದರು ಅಜ್ಜ. "ತಿನ್ನಾಕ ಒಂದ ಇರಬಹುದು. ಸಹಿ ಮಾಡಾಕ ಒಂದ ಹ್ಯಾಂಗ ಆಗ್ತೈತ್ರಿ? ನಾಳೆ ಹೋಗಿ ತಿದ್ದಸ್ತೀನಿ."

ನನಗೆ ಒಳಗೊಳಗೆ ದೀಪ ಹತ್ತಿದಂತಾಯಿತು. ಕಾಕಾ ಕೇಳಿದ್ದು ಕಾಗದ. ಕಾಗದದ ಪ್ರಕಾರ ಇವರು ಈರುಳ್ಳಿ, ನಾವು ಉಳ್ಳಾಗಡ್ಡಿ. ಅಡ್ಡಹೆಸರೇ ಬೇರೆ. ನಾನು ಅಜ್ಜನ ಕಾಲು ಹಿಡಿಯುವುದೊಂದು ಬಾಕಿ. "ಅಜ್ಜಾರ, ತಿದ್ದಸಬ್ಯಾಡ್ರಿ. ಲಗ್ನ ಆಗೂತನಾ ಈರುಳ್ಳಿನ ಇರ್ರಿ. ಮೊಮ್ಮಗನ ಸಲುವಾಗಿ."

ಅಜ್ಜ ಕಣ್ಣು ಮುಚ್ಚಿ ವಿಚಾರ ಮಾಡಿದರು. "ಮೊಮ್ಮಗನ ಸಲುವಾಗಿ ಜೀವಾ ಬೇಕಾದ್ರ ಕೊಡ್ತೀನಿ, ತಂಗಿ" ಅಂದರು. "ಬೆಂಗಳೂರ ಭಾಷಾದಾಗ ಹೆಸರು ಇಟ್ಕೊಳ್ಳಂಗಿಲ್ಲ."

ಕಾಕಿಯ ಪ್ರಶ್ನೆ

ಬರಿಗೈಯಲ್ಲಿ ಕಾಕಾ ಮನೆಗೆ ಬಂದೆ. ಅಣ್ಣ, ಅತ್ತಿಗೆ ಆಗಲೇ ಬಂದು ಕೂತಿದ್ದರು. ಹುಡುಗಿ ಅತ್ತು ಅತ್ತು ಮುಖ ಊದಿಸಿಕೊಂಡು ಬಾಗಿಲ ಹತ್ತಿರ ನಿಂತಿದ್ದಳು. ಕಂಡದ್ದನ್ನೆಲ್ಲ ಹೇಳಿದೆ. ಕಾಗದವಿಲ್ಲ ಅಂತಲೂ ಹೇಳಿದೆ. ಕಾಕಾ ಮೆಲ್ಲಗೆ ಟೊಪ್ಪಿಗೆ ತೆಗೆದರು.

"ಒಂದ ಅಡ್ಡಹೆಸರಿನಾಗ ಲಗ್ನ ಆದವರ ಸಂಸಾರ ನೆಟ್ಟಗ ಆಗಿದ್ದು ನಾ ಅಂತೂ ನೋಡಿಲ್ಲ" ಅಂದರು.

ಕಾಕಿ ಚಹಾದ ಕಪ್ಪು ಕೊಡುತ್ತಿದ್ದವರು ಕಾಕಾನ ಮುಂದೆ ಬಂದು ನಿಂತರು. ಕಪ್ಪು ಕೊಡಲಿಲ್ಲ.

"ನನ್ನ ತವರಮನಿ ಅಡ್ಡಹೆಸರ ಏನು? ಹೇಳ್ರಿ ನೋಡೋಣು."

ಕಾಕಾ ತಡವರಿಸಲಿಲ್ಲ. "ಧುಪದಾಳ."

"ಅದು ಊರು. ನಾ ಕೇಳಿದ್ದು ಅಡ್ಡಹೆಸರು."

ಕಾಕಾ ಅಣ್ಣನ ಮುಖ ನೋಡಿದರು. ಅಣ್ಣ ನನ್ನ ಮುಖ ನೋಡಿದ. ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ಹುಟ್ಟಿದಾಗಿನಿಂದ ಅವರನ್ನು ಧುಪದಾಳ ಕಾಕಿ ಅಂತಲೇ ಕರೆದವರು ನಾವು.

"ಉಳ್ಳಾಗಡ್ಡಿ" ಅಂದರು ಕಾಕಿ.

ಕಾಕಾ ತೊಡೆಯ ಮೇಲಿನ ಟೊಪ್ಪಿಗೆಯ ಅಂಚು ತಿರುವುತ್ತ, "ಲಗ್ನದಾಗ ಯಾಕ ಹೇಳಲಿಲ್ಲ?" ಅಂದರು.

"ಯಾರ ಕೇಳಿದ್ರಿ? ಲಗ್ನ ಆದ ಮ್ಯಾಲೆ ಹೆಸರು ಬದಲಿ ಆಗ್ತೈತಿ ಅಂತ ಎಲ್ಲಾರೂ ಅಂದ್ರು. ನಾ ದಾರಿ ನೋಡಿದ್ನಿ. ಆಗಲಿಲ್ಲ."

ಕಾಕಾ ಟೊಪ್ಪಿಗೆ ಎತ್ತಿ ತಲೆಯ ಮೇಲೆ ಇಟ್ಟುಕೊಂಡರು. "ದಿನಾ ಗೊತ್ತ ಮಾಡ್ರಿ" ಅಂತ ಅಣ್ಣನಿಗೆ ಹೇಳಿದರು. ಹುಡುಗಿ ಓಡಿ ಬಂದು ಕಾಕಿಯನ್ನು ತಬ್ಬಿಕೊಂಡಳು, ಚಹಾ ಎಲ್ಲ ಚೆಲ್ಲಿತು. ಆ ಗದ್ದಲದಲ್ಲಿ ಯಾರಿಗೂ ಕೇಳಬಾರದೆಂದು ಕಾಕಾ ಸಣ್ಣ ದನಿಯಲ್ಲಿ ಕಾಕಿಯನ್ನು ಕೇಳಿದರು. ನಾನು ಬಾಜೂಕ್ಕೇ ಇದ್ದೆ, ನನಗೆ ಕೇಳಿಸಿತು.

"ಹಂಗಾದ್ರ ಇಷ್ಟು ದಿನಾ ನಾನೂ ನೀನೂ ಅಣ್ಣ-ತಂಗಿ ಆಗಿದ್ವೇನು?"

ಕಾಕಿ ಸೆರಗಿನಿಂದ ಚಹಾ ಒರೆಸಿಕೊಳ್ಳುತ್ತ ಹೇಳಿದರು: "ಅಂಥಾ ಪುಣ್ಯಾ ಎಲ್ಲೈತ್ರಿ ನಂದು? ನೀವು ಅಣ್ಣ ಆಗಿದ್ರ ವರ್ಷಕ್ಕೊಮ್ಮೆ ನಾಗರ ಪಂಚಮಿಗಿ ತವರಿಗಿ ಬಂದು, ಉಂಡಿ ತಿಂದು, ನಿಮ್ಮ ಕಡಿಂದ ಒಂದು ಸೀರಿ ಇಸ್ಕೊಂಡು ಹೋಗಿಬಿಡ್ತಿದ್ನಿ."