ಮೀನಿಗೂ ಕಾಯಿಸಿ ಆರಿಸಿದ ನೀರು

ಮಗು ಹುಟ್ಟಿದಂದಿನಿಂದ ಆ ಮನೆಯಲ್ಲಿ ಕಾಯಿಸದ ನೀರಿಗೆ ಪ್ರವೇಶವಿರಲಿಲ್ಲ. ಅದು ಮಗುವಿನ ತಾಯಿಯ ರಾಜಾಜ್ಞೆ. (ಗಂಡ ಬಾಯಿ ಮುಕ್ಕಳಿಸುವುದೂ ಕಾಯಿಸಿ ಆರಿಸಿದ ನೀರಿನಲ್ಲೇ.) ಹೀಗಿರುವಾಗ ಗಂಡನ ಅಕ್ಕ ಪರಊರಿಗೆ ಹೋಗುತ್ತ ತನ್ನ ಮುದ್ದಿನ ಮೀನನ್ನು ಇವಳ ಸುಪರ್ದಿಗೆ ಬಿಟ್ಟರೆ, ಅದೊಂದಕ್ಕೆ ಹಸಿನೀರು ಕೊಡುವುದುಂಟೇ? ಅತ್ತಿಗೆ ಮರಳುವ ದಿನ ಮೀನು ಫಳಫಳ ಹೊಳೆಯಲಿ ಎಂದು ಗಾಜಿನ ಬೋಗುಣಿಯ ಹಳೇ ನೀರನ್ನೆಲ್ಲ ಚೆಲ್ಲಿ, ಚೆನ್ನಾಗಿ ಕುದಿಸಿ ಆರಿಸಿದ್ದನ್ನು ತುಂಬಿದಳು.

ಸ್ವಲ್ಪ ಹೊತ್ತಿಗೆಲ್ಲ ಮೀನು ಮೇಲೆ ಬಂದು ಬಾಯಿ ಬಾಯಿ ಬಿಡತೊಡಗಿತು.

ಅವಳು ಬೋಗುಣಿಗೆ ಮೂಗು ತಾಗಿಸಿ ನೋಡಿದಳು. ಹಿಂದೊಮ್ಮೆ ಅತ್ತಿಗೆಯ ಹೂಕುಂಡದ ಗಿಡ ಇವಳ ಆರೈಕೆಯಲ್ಲಿ ಒಣಗಿತ್ತು. ನೆಂಟರು ಸೇರಿದಾಗಲೆಲ್ಲ ಆ ಗಿಡದ ಪುಣ್ಯಸ್ಮರಣೆ ಈಗಲೂ ನಡೆಯುತ್ತದೆ. ಇನ್ನು ಮೀನೂ ಹೋದರೆ?

"ರೀ, ಬನ್ನಿ ಇಲ್ಲಿ! ಇದು ನೀರಲ್ಲೇ ಉಸಿರುಕಟ್ಟಿ ಸಾಯ್ತಿದೆ!"

"ಮೀನಿಗೆ ನೀರಲ್ಲಿ ಉಸಿರು ಕಟ್ಟೋದಾ? ಚೆನ್ನಾಗಿದೆ." ಗಂಡ ಬಗ್ಗಿ ನೋಡಿದ. ನಗು ಮಾಯವಾಯಿತು. "ಈ ನೀರನ್ನೂ ಕಾಯಿಸಿದ್ಯಾ ತಾಯಿ?"

"ಮತ್ತೆ ಕ್ರಿಮಿ ಇರಲ್ವಾ?"

"ಕ್ರಿಮಿ ಜೊತೆ ಗಾಳೀನೂ ಹೋಯ್ತು! ಅದು ಬಾಯಲ್ಲಿ ನೀರು ತಗೊಂಡು ಪಕ್ಕದ ಕಿವಿರಿಂದ ಆಚೆ ಬಿಡುತ್ತೆ ಕಣೇ. ನೀರಲ್ಲಿ ಕರಗಿರೋ ಗಾಳೀನ ಆ ಕಿವಿರು ಹೀರಿಕೊಳ್ಳುತ್ತೆ. ನೀನು ಕುದಿಸಿಬಿಟ್ರೆ ಹೀರೋಕೆ ಏನಿದೆ, ನಿನ್ನ ತಲೆ!"

"ನನ್ನ ತಲೆ ಆಮೇಲೆ. ಗಾಳಿ ತುಂಬೋದು ಹೇಗೆ ಹೇಳಿ, ನಿಮ್ಮಕ್ಕ ಬರೋ ಹೊತ್ತಾಯ್ತು!"

ನಲ್ಲಿ ತಿರುಗಿಸಿದರೆ ಬರೀ ಗಾಳಿ. (ಬೇಕಾದ ಗಾಳಿ ಅಲ್ಲಿ, ಮೀನು ಇಲ್ಲಿ!) ಆಗ ಅವಳಿಗೆ ಮಗುವಿನ ಹಾಲು ಆರಿಸುವುದು ನೆನಪಾಯಿತು. ಮೇಲಿನಿಂದ ಸುರಿದರೆ ನೊರೆ ಏಳುತ್ತದಲ್ಲ, ಅದು ಗಾಳಿಯಲ್ಲದೆ ಮತ್ತೇನು? ಊಟದ ಮೇಜಿನ ಎರಡು ಜಗ್ಗು ಎಳೆದುಕೊಂಡಳು. ಬೋಗುಣಿಯ ನೀರನ್ನೇ ತೋಡಿ, ತಲೆಯೆತ್ತರದಿಂದ ಒಂದರಿಂದ ಇನ್ನೊಂದಕ್ಕೆ ಹೊಯ್ದು ಹೊಯ್ದು ಮತ್ತೆ ಬೋಗುಣಿಗೆ ಸುರಿದಳು. ತೋಳು ಬಿದ್ದುಹೋಯಿತು. ಮೀನು ಓರೆಯಾಗಿ ವಾಲಿತು.

"ಕಿವಿರು ಇನ್ನೂ ಅಲ್ಲಾಡ್ತಿದೆ, ಸುರಿ, ಸುರಿ!"

"ಸುರೀತಾನೇ ಇದ್ದೀನಲ್ಲ! ಏ ಕಂದಾ, ಉಸಿರಾಡೋ, ನನ್ನ ಮಾನ ಉಳಿಸೋ!"

ಬಾಲ ಒಮ್ಮೆ ಪಟಕ್ಕೆಂದಿತು. ಮೀನು ನೆಟ್ಟಗಾಗಿ ತಳಕ್ಕೆ ಇಳಿಯಿತು. ಅದೇ ಗಳಿಗೆಗೆ ಬಾಗಿಲ ಗಂಟೆ.

ಅತ್ತಿಗೆ ಚೀಲ ಬಿಸಾಕಿ ಬೋಗುಣಿಯತ್ತ ಓಡಿದಳು. "ಅಬ್ಬಾ, ಬದುಕಿದೆ!" (ನಂಬಿಕೆ ನೋಡಿ!) "ನಿನ್ನ ಕೈಗೆ ಕೊಟ್ಟು ಅಲ್ಲಿ ನನಗೇ ಉಸಿರಾಡೋಕಾಗಿಲ್ಲ ಕಣೇ." ನಿರಾಳವಾಗಿ ಕೂತವಳು, ಮೇಜಿನ ಮೇಲೆ ಬೋಗುಣಿಯ ನೀರು ಉಳಿದಿದ್ದ ಜಗ್ಗನ್ನೆತ್ತಿ, ಇವಳು ಬೇಡ ಎನ್ನುವಷ್ಟರಲ್ಲಿ, ಗಟಗಟನೆ ಅರ್ಧ ಇಳಿಸಿದಳು.

"ಏನೇ ಹೇಳು, ಕಾಯಿಸಿ ಆರಿಸಿದ ನೀರಿನ ರುಚಿಯೇ ಬೇರೆ. ಪಾಪ, ಬೆವೆತು ಹೋಗಿದ್ದೀಯ. ತಗೋ, ನೀನೂ ಕುಡಿ."

ಗಂಡ ಗೋಡೆಯ ಕಡೆ ತಿರುಗಿ ನಿಂತ. ಅವಳು ಬಾಯಿ ತೆರೆದಳು, ಮುಚ್ಚಿದಳು, ಮತ್ತೆ ತೆರೆದಳು. ಗಾಜಿನಾಚೆಯಿಂದ ಮೀನು ರೆಪ್ಪೆ ಬಡಿಯದೆ ನೋಡುತ್ತಿತ್ತು.

ಕುಡಿದಳು. ಕಿವಿರಾದರೂ ಇದ್ದಿದ್ದರೆ ಪಕ್ಕದಿಂದ ಆಚೆ ಬಿಡಬಹುದಿತ್ತು.